ಹಸಿರು ಗೇಟಿನ ಮನೆಯ ಇಂಗ್ಲಿಷ್ ಹೆಸರು

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆಯಲು ಇಂದಿಗೂ ಬರುವುದಿಲ್ಲ. ಕನ್ನಡದಲ್ಲಿ ಬರೆಯುವಾಗಲೂ ಎರಡು ಅಕ್ಷರ ಬರೆದು, ಮೂರನೆಯದಕ್ಕೆ ಮೊದಲು ಒಮ್ಮೆ ದಣಿವಾರಿಸಿಕೊಳ್ಳುತ್ತಾಳೆ. ಆದರೆ ಪಂಕ್ಟಿಲಿಯಸ್ ಎಂಬ ಇಂಗ್ಲಿಷ್ ಶಬ್ದಕ್ಕೆ ಅರ್ಥ ಏನು ಎಂದು ಕೇಳಿ ನೋಡಿ. ತಲೆಯ ಮೇಲಿನ ಬುಟ್ಟಿ ಇಳಿಸುವ ಮೊದಲೇ ಉತ್ತರ ಬರುತ್ತದೆ.

"ಅದಾ? ಟಪಾಲ್ ಕಚೇರಿ ಹಿಂದಿನ ಮನೆ. ಬಂಗಡೆ ಹತ್ತು ತಕಂಡ್ರೆ ಹತ್ತರ ತಲೆನೂ ಒಂದೇ ದಿಕ್ಕಿಗೆ ಇಟ್ಟು ಕೊಡ್ಬೇಕು. ಒಂದು ತಿರುಗಿ ಮಲ್ಗಿದ್ರೂ ವಾಪಸ್ಸು."

ಅತಿ ಕರಾರುವಾಕ್ಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಯಾವ ನಿಘಂಟಿನಲ್ಲೂ ಓದಿಲ್ಲ. ನನಗೆ ಇಂಗ್ಲಿಷ್ ಕಲಿಸಿದವರು ಬಹಳ ಮಂದಿ. ಅದು ತಲೆಯಲ್ಲಿ ಕೂರುವಂತೆ ಮಾಡಿದವಳು ಮಾತ್ರ ಒಬ್ಬಳೇ, ಅದೂ ಮೀನಿನ ಬುಟ್ಟಿ ಹೊತ್ತುಕೊಂಡು.

ನಮ್ಮ ದಂಡೆಯ ಒಂದು ರೂಢಿಯನ್ನು ಮೊದಲು ಹೇಳಿಬಿಡಬೇಕು. ನಮ್ಮ ಕಡೆ ಮೀನು ಮಾರುವ ಹೆಂಗಸು ಗಿರಾಕಿಯ ಹೆಸರು ಕೇಳುವುದಿಲ್ಲ, ತಾನೇ ಇಡುತ್ತಾಳೆ. ಮನೆಗೊಂದು ಹೆಸರು. ಮನೆಯವರಿಗೆ ಅದು ಗೊತ್ತಿರುವುದಿಲ್ಲ, ಗೊತ್ತಾಗಲೂಬಾರದು. ಬುಟ್ಟಿ ಹೊತ್ತವರು ಬಸ್‌ಸ್ಟ್ಯಾಂಡಿನಲ್ಲಿ ಕೂತು ಎಲೆ ಅಡಿಕೆ ಹಾಕುವಾಗ ಮಾತ್ರ ಆ ಹೆಸರುಗಳು ಹೊರಗೆ ಬರುತ್ತವೆ. ನಾವು ಚೆಂಡಿಯಾದ ಹತ್ತಿರ ಸಮುದ್ರದ ಬದಿಗೇ ಇದ್ದ ಕಾಲದಲ್ಲಿ ಆಯಿಯ ಗಿರಾಕಿಗಳೆಲ್ಲ ಹೀಗೆ ಹೆಸರು ಇಡಿಸಿಕೊಂಡವರೇ. ನಮ್ಮಲ್ಲಿ ಮನೆಯೊಡತಿಗೂ ಶಾಲೆಯ ಟೀಚರಿಗೂ ಬಾಯೋರು ಎನ್ನುತ್ತಾರೆ. ಕಿವಿರು ಬಾಯೋರು ಎಂಬವರು ಮೀನಿನ ಕಿವಿರು ಎತ್ತಿ ನೋಡದೆ ಬಾಯಿ ತೆರೆಯುತ್ತಿರಲಿಲ್ಲ. ನಾಳೆ-ಬಾ ಮನೆ ಒಂದಿತ್ತು. ತಲೆ-ಬೇಡ ಮನೆ, ತಲೆ-ಮಾತ್ರ ಮನೆ ಎರಡೂ ಅಕ್ಕಪಕ್ಕದಲ್ಲೇ ಇದ್ದು ಆಯಿಗೆ ಬಹಳ ಅನುಕೂಲವಾಗಿತ್ತು.

ಆಮೇಲೆ ನೌಕಾನೆಲೆಗೆ ಜಾಗ ಹೋಯಿತು. ಕಿವಿರು ಬಾಯೋರು ಒಂದು ಕಡೆ, ನಾಳೆ-ಬಾ ಮನೆಯವರು ಒಂದು ಕಡೆ, ನಾವು ಹಟ್ಟಿಕೇರಿಯ ಹತ್ತಿರ ಪುನರ್ವಸತಿ ಕಾಲೊನಿಯಲ್ಲಿ. ಆಯಿ ಒಂದು ವಾರ ಸುಮ್ಮನೆ ಕೂತಳು. ಎಂಟನೆಯ ದಿನ ಬುಟ್ಟಿ ಎತ್ತಿಕೊಂಡು ಅಂಕೋಲೆ ಪೇಟೆಯ ಬಸ್ಸು ಹತ್ತಿ, ಗುರುತು ಪರಿಚಯವಿಲ್ಲದ ಓಣಿಯಲ್ಲಿ "ಮೀನ್ ಬೇಕಾ ಮೀನ್" ಎಂದು ಕೂಗಿದಳು. ಗಿರಾಕಿಗಳು ಸಿಕ್ಕರು, ಹೆಸರುಗಳು ಮಾತ್ರ ಸಿಗಲಿಲ್ಲ. ಆರು ವರ್ಷವಾದರೂ ಆಯಿ ಆ ಊರಿನ ಒಂದು ಮನೆಗೂ ಹೆಸರಿಡಲಿಲ್ಲ. ಹಸಿರು ಗೇಟು, ನೀಲಿ ಗೇಟು, ಗೇಟಿಲ್ಲದ ಮನೆ, ಅಷ್ಟೇ. ಒಂದು ಚೌತಿಗೆ ನೀಲಿ ಗೇಟಿನವರು ಗೇಟಿಗೆ ಕಂದು ಬಣ್ಣ ಹೊಡೆಸಿದರು. ಆಯಿ ಬಿಸಿಲಿನಲ್ಲಿ ಆ ಓಣಿಯನ್ನು ನಾಲ್ಕು ಸಲ ಅಳೆದು, ಮನೆಯೇ ಇಲ್ಲವೆಂದು ನಂಬಿ, ಅವರ ಪಾಲಿನ ಶೆಟ್ಲಿಯನ್ನು ವಾಪಸ್ಸು ತಂದಳು. ಶೆಟ್ಲಿ ಎಂದರೆ ಸಿಗಡಿ. ಆ ದಿನ ನಮಗೆಲ್ಲ ಹಬ್ಬ.

"ಅವ್ರಿಗೂ ಒಂದು ಹೆಸ್ರು ಇಟ್ಬಿಡೇ ಆಯಿ," ಎಂದರೆ, "ಹೆಸ್ರು ಸುಮ್ನೆ ಬರ್ತದಾ? ಮನೆ ಮನ್ಸಿಗೆ ಇಳೀಬೇಕು," ಎನ್ನುತ್ತಿದ್ದಳು. ಇಳಿದಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾನು ಕಾರವಾರದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅಂಕೋಲೆಯಲ್ಲಿ ಹೊಸ ಇಂಗ್ಲಿಷ್ ಮೀಡಿಯಂ ಶಾಲೆಯೊಂದು ಜೂನ್‌ಗೆ ಶುರುವಾಗಲಿದೆ, ಒಬ್ಬ ಇಂಗ್ಲಿಷ್ ಟೀಚರ್ ಬೇಕು ಎಂಬ ಚೀಟಿ ಕಾಲೇಜಿನ ನೋಟಿಸ್ ಬೋರ್ಡಿಗೆ ಬಂತು. ಮೊದಲು ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ. 'ಅಭ್ಯರ್ಥಿಯ ಶಬ್ದಸಂಪತ್ತು ಉನ್ನತ ಮಟ್ಟದ್ದಾಗಿರಬೇಕು' ಎಂದು ಕೆಳಗೆ ಗೆರೆ ಎಳೆದು ಬರೆದಿದ್ದರು. ನನ್ನ ಶಬ್ದಸಂಪತ್ತು ಆಗ ಗುಡ್, ವೆರಿ ಗುಡ್, ವೆರಿ ವೆರಿ ಗುಡ್ ಎಂಬಲ್ಲಿಗೆ ಬಂದು ನಿಂತಿತ್ತು.

ಆದರೂ ಆ ಕೆಲಸ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಆ ಚೀಟಿ ಓದಿದ ಮೇಲೆ ಮಧ್ಯಾಹ್ನದ ಊಟ ಇಳಿಯಲಿಲ್ಲ. ಅದು ಸಿಗದಿದ್ದರೆ ನನ್ನ ದೊಡ್ಡಪ್ಪನ ಮಗಳ ಹಾಗೆ ಶೆಟ್ಲಿ ಸುಲಿಯುವ ಶೆಡ್ಡೇ ಗತಿ. ಅಲ್ಲಿ ಅವಳ ಬೆರಳ ತುದಿಗಳು ಐಸಿನಲ್ಲಿ ಬಿಳುಚಿ ಹೋಗಿದ್ದನ್ನು ನೋಡಿದ್ದೆ. ಸಾಲದ್ದಕ್ಕೆ ಆಯಿ, ಚೀಟಿಯ ಸುದ್ದಿ ಕೇಳಿದ ಸಂಜೆಯೇ ಇಡೀ ಕಾಲೊನಿಗೆ "ನಮ್ಮದು ಇಂಗ್ಲಿಷ್ ಬಾಯೋರು ಆಗ್ತದೆ" ಎಂದು ಸಾರಿಬಿಟ್ಟಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ.

ಕಾಲೇಜಿನ ಲೈಬ್ರರಿಯಲ್ಲಿ ಇಟ್ಟಿಗೆಯಷ್ಟು ದಪ್ಪದ ಶಬ್ದಗಳ ಪುಸ್ತಕವೊಂದಿತ್ತು. ಮನೆಗೆ ಕೊಡುತ್ತಿರಲಿಲ್ಲ. ದಿನಕ್ಕೆ ಹತ್ತು ಶಬ್ದ ಒಂದು ಚೀಟಿಯಲ್ಲಿ ಬರೆದುಕೊಂಡು ಸಂಜೆಯ ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತ ಬರುವುದು ಎಂದು ಲೆಕ್ಕ ಹಾಕಿದೆ. ಬಿಣಗಾ ದಾಟಿದ ಮೇಲೆ ರಸ್ತೆಯ ಬದಿಗೆ ನೌಕಾನೆಲೆಯ ಗೋಡೆ ಶುರುವಾಗುತ್ತದೆ. ಗೋಡೆ ಶುರುವಾದಾಗ ಮೊದಲ ಶಬ್ದ, ಮುಗಿಯುವಾಗ ಹತ್ತನೆಯದು. ಅಷ್ಟು ಉದ್ದದ ಗೋಡೆ ನನಗೆ ಮೊದಲ ಸಲ ಉಪಕಾರಕ್ಕೆ ಬಂತು. ಆದರೆ ಹಟ್ಟಿಕೇರಿಯಲ್ಲಿ ಇಳಿದು ಮನೆ ಮುಟ್ಟುವಷ್ಟರಲ್ಲಿ ಹತ್ತರಲ್ಲಿ ಎರಡು ಉಳಿದಿರುತ್ತಿದ್ದವು. ಮರುದಿನ ಬೆಳಿಗ್ಗೆ ಆ ಎರಡೂ ಇರುತ್ತಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಒಂದು ತಿಂಗಳು ಕಳೆಯಿತು.

ಒಂದು ಸೋಮವಾರ. ಸೋಮವಾರ ಬಹಳ ಮನೆಗಳಲ್ಲಿ ಮೀನಿಲ್ಲವಾದ್ದರಿಂದ ಆಯಿಗೆ ರಜೆ. ಅವಳು ಜಗುಲಿಯಲ್ಲಿ ಕೂತು ಬುಟ್ಟಿಯ ಒಡೆದ ಅಂಚಿಗೆ ದಾರ ಸುತ್ತುತ್ತಿದ್ದಳು. ನಾನು ಕಾಲೇಜು ತಪ್ಪಿಸಿ ಪಕ್ಕದಲ್ಲಿ ಕೂತು, "ಪಾರ್ಸಿಮೋನಿಯಸ್, ಪಾರ್ಸಿಮೋನಿಯಸ್" ಎಂದು ಜಪ ಮಾಡುತ್ತಿದ್ದೆ.

"ಅದೆಂತದು, ಅಷ್ಟೊತ್ತಿಂದ ಅದನ್ನೇ ಕುಟ್ಟತಿ?"

"ಕೈ ಬಿಗಿ ಇರುವವ್ರು ಅಂತ ಅರ್ಥ ಆಯಿ. ಖರ್ಚು ಮಾಡೂಕೆ ಪ್ರಾಣ ಹೋಗ್ತದಲ್ಲ, ಅಂಥವ್ರು."

ಆಯಿಯ ಕೈ ನಿಂತಿತು. "ಹಸಿರು ಗೇಟು!" ಎಂದಳು. "ಅದೇ ಹಸಿರು ಗೇಟಿನ ಬಾಯೋರು! ತಾರ್ಲೆ ಮೀನು ಒಂದು ಪಾಲು ತಕಂಡು ಎರಡು ಸಲ ಕೊಸರು ಕೇಳ್ತರು. ಒಂದು ಸಲ ಬುಟ್ಟಿ ಇಳ್ಸುವಾಗ, ಒಂದು ಸಲ ಎತ್ತುವಾಗ. ಹೋದ ವಾರ ಬೆಕ್ಕಿನ ಹೆಸ್ರಲ್ಲಿ ಮೂರನೇದೂ ಕೇಳಿದ್ರು. ಅವ್ರ ಮನೇಲಿ ಬೆಕ್ಕೇ ಇಲ್ಲ!"

ಅಷ್ಟು ಹೇಳಿ ಆಯಿ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಹಟ್ಟಿಕೇರಿಗೆ ಬಂದ ಮೇಲೆ ಕಂಡಿರಲಿಲ್ಲ. ನನಗೂ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಆಯಿ ಆ ಶಬ್ದವನ್ನು ಒಂದೊಂದೇ ತುಂಡು ಮಾಡಿ ಹೇಳಿ ನೋಡಿದಳು, ಪಾರ್ಸಿ, ಮೋನಿ, ಯಸ್. ನಾಲ್ಕನೆಯ ಸಲಕ್ಕೆ ಪೂರ್ತಿ ಬಂತು. "ಇನ್ನೊಂದು ಹೇಳು," ಎಂದಳು.

ಆ ದಿನ ಹತ್ತು ಶಬ್ದ ಹೇಳಿದೆ, ಹತ್ತಕ್ಕೂ ಮನೆ ಸಿಕ್ಕಿತು. ಗ್ಯಾರುಲಸ್ ಎಂದರೆ ಕಂದು ಬಣ್ಣ ಹೊಡೆಸಿದ ಗೇಟಿನವರು, ಮೀನು ತೆಗೆದುಕೊಳ್ಳುವುದು ಐದು ನಿಮಿಷ, ಮಾತು ಮುಕ್ಕಾಲು ಗಂಟೆ. ಫಾಸ್ಟಿಡಿಯಸ್ ಎಂದರೆ ಬಾವಿಯ ಪಕ್ಕದ ಮಾಸ್ತರರ ಹೆಂಡತಿ, ಯಾವ ಮೀನೂ ಮನಸ್ಸಿಗೆ ಬಾರದವರು. ಆಂಬಿಗ್ಯುಅಸ್ ಎಂದರೆ ಬೇಕು ಎಂದೂ ಹೇಳದೆ ಬೇಡ ಎಂದೂ ಹೇಳದೆ ಬಾಗಿಲಲ್ಲಿ ನಿಂತು ಬುಟ್ಟಿ ನೋಡುವವರು. ಕ್ಲ್ಯಾಂಡೆಸ್ಟೈನ್ ಎಂದರೆ ಕದ್ದುಮುಚ್ಚಿ ಮಾಡುವುದು ಎಂದೆನೋ ಇಲ್ಲವೋ, ಆಯಿ ಧ್ವನಿ ತಗ್ಗಿಸಿದಳು. ಒಂದು ಮನೆಯ ಅತ್ತೆಗೆ ಗುರುವಾರದ ವ್ರತ. ಸೊಸೆ ಹಿತ್ತಿಲ ಬಾಗಿಲಿನಿಂದ ನಾಲ್ಕು ನೊಗ್ಲಿ ಮೀನು ತೆಗೆದುಕೊಂಡು, ಹುರಿದು, ತಿಂದು, ಅಗರಬತ್ತಿ ಹಚ್ಚಿಟ್ಟುಬಿಡುತ್ತಾಳೆ. "ಯಾರ ಹತ್ರನೂ ಹೇಳ್ಬೇಡ," ಎಂದಳು ಆಯಿ. ಇಲ್ಲಿಯವರೆಗೆ ಹೇಳಿರಲಿಲ್ಲ.

ಹತ್ತು ಮುಗಿದಾಗ ಆಯಿ ಅಂಗೈ ಚಾಚಿದಳು. "ಕೊಸರು?"

"ಎಂತ ಕೊಸರು?"

"ಹತ್ತು ಕೊಟ್ರೆ ಒಂದು ಕೊಸರು ಇಲ್ದೆ ಯಾಪಾರ ಹೆಂಗೆ ಮುಗೀತದೆ? ಹಾಕು ಒಂದು."

ಹೀಗೆ ದಿನಕ್ಕೆ ಹನ್ನೊಂದಾಯಿತು. ಒಂದೇ ಒಂದು ಶಬ್ದವೂ ಮರೆಯಲಿಲ್ಲ. ಹೇಗೆ ಮರೆಯುವುದು? ಪ್ರತಿಯೊಂದಕ್ಕೂ ಒಂದು ಗೇಟು, ಒಂದು ಮುಖ, ಒಂದು ಮೀನು ಅಂಟಿಕೊಂಡಿತ್ತು. ಮನೆಗಳು ಸಾಲದೇ ಬಂದಾಗ ಬಸ್ಸಿನ ಕಂಡಕ್ಟರನಿಗೂ ಐಸ್ ತರುವ ಟೆಂಪೋದವನಿಗೂ ಹಂಚಿದೆವು. ದೋಣಿಯಲ್ಲಿ ಕೆಲಸ ಮಾಡುವ ನಮ್ಮ ಅಪ್ಪನಿಗೆ ಟ್ಯಾಸಿಟರ್ನ್, ಅಂದರೆ ಮಾತು ಕಡಿಮೆಯವನು, ಎಂಬ ಶಬ್ದ ಕೊಟ್ಟೆವು. ಅದನ್ನು ಕೇಳಿ ಅಪ್ಪ ಏನೂ ಹೇಳಲಿಲ್ಲ.

ಒಂದು ಶಬ್ದವನ್ನು ಮಾತ್ರ ಆಯಿ ಹಂಚಲು ಬಿಡಲಿಲ್ಲ. ಇಫರ್ವೆಸೆಂಟ್. ನೊರೆನೊರೆಯಾಗಿ ಉಕ್ಕುವಂಥದ್ದು, ಖುಷಿಯಿಂದ ತುಳುಕುವಂಥದ್ದು ಎಂದು ಅರ್ಥ ಹೇಳಿದೆ. ಸದಾ ನಗುವ ಟೇಲರನ ಹೆಂಡತಿಗೆ ಕೊಡೋಣ ಎಂದೆ. ಆಯಿ ಕೈ ಅಡ್ಡ ಹಿಡಿದಳು.

"ಬೇಡ. ಅದನ್ನ ಯಾರಿಗೂ ಕೊಡ್ಬೇಡ. ತೆಗ್ದಿಡು."

"ಎಂತಕ್ಕೆ?"

"ತೆಗ್ದಿಡು ಅಂದ್ನಲ್ಲ."

ಒಳ್ಳೆಯ ಇಸೋಣ ಮೀನು ಸಿಕ್ಕಿದರೆ ಬುಟ್ಟಿಯ ಅಡಿಗೆ ಎಲೆ ಮುಚ್ಚಿ ಇಡುವುದು ಅವಳ ಅಭ್ಯಾಸ, ಇದೂ ಹಾಗೇ ಇರಬೇಕು ಎಂದುಕೊಂಡೆ. ಬಹುಶಃ ನನ್ನ ಗಂಡನ ಮನೆಗೆ ಎಂದು ಇಟ್ಟಿರಬಹುದು ಎಂಬ ಗುಮಾನಿಯೂ ಬಂದು ಒಳಗೊಳಗೇ ನಾಚಿಕೊಂಡೆ.

ನಮ್ಮ ಮನೆಯ ಮಾತೇ ಬದಲಾಯಿತು. ಆಯಿ ಮಧ್ಯಾಹ್ನ ಬಂದು, ಬುಟ್ಟಿ ತೊಳೆದು ಬೋರಲು ಹಾಕಿ ಶುರು ಮಾಡುತ್ತಿದ್ದಳು: "ಫಾಸ್ಟಿಡಿಯಸ್ ಇವತ್ತು ಒಂದೇ ಮಾತಿಗೆ ತಕಂಡ್ರು, ಮೈ ಸಮ ಇಲ್ಲ ಕಾಣ್ತದೆ. ಗ್ಯಾರುಲಸ್ಸಿನ ತಂಗಿ ಬಂದದೆ, ಅದೂ ಗ್ಯಾರುಲಸ್ಸೇ. ಆಂಬಿಗ್ಯುಅಸ್ ಬಾಗ್ಲಲ್ಲೇ ನಿಂತದೆ, ಈಗ್ಲೂ ನಿಂತಿರ್ಬೇಕು." ನೆರೆಯ ಹೆಂಗಸರು ಬೇಲಿಯಾಚೆ ನಿಂತು ಕಿವಿ ನಿಮಿರಿಸುತ್ತಿದ್ದರು. ನಾವಿಬ್ಬರೂ ಅವರೆದುರಿಗೆ ಗಂಟಲು ದೊಡ್ಡದು ಮಾಡಿ ಮಾತಾಡುತ್ತಿದ್ದೆವು. ಅಹಂಕಾರವೇ, ಸುಳ್ಳು ಯಾಕೆ ಹೇಳಲಿ. ಆರು ವರ್ಷ ಗೇಟುಗಳ ಬಣ್ಣ ನೋಡಿಕೊಂಡು ತಿರುಗಿದವಳ ನಾಲಿಗೆ ಮೇಲೆ ಈಗ ಇಡೀ ಓಣಿ ಕುಣಿಯುತ್ತಿತ್ತು. ನನಗೆ ಆ ದಿನಗಳಲ್ಲಿ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಲಿಖಿತ ಪರೀಕ್ಷೆ ಹೂವೆತ್ತಿದ ಹಾಗೆ ಆಯಿತು. ಐವತ್ತು ಶಬ್ದ ಕೊಟ್ಟಿದ್ದರು. ನಾನು ಪ್ರಶ್ನೆಪತ್ರಿಕೆ ನೋಡುತ್ತ ಮನಸ್ಸಿನಲ್ಲೇ ಓಣಿಯಲ್ಲಿ ನಡೆದೆ, ಒಂದೊಂದು ಮನೆಯ ಕದ ತಟ್ಟಿದೆ, ಬರೆದೆ. ನಡುವೆ ಆಂಬಿಗ್ಯುಅಸ್ ಬಂದಾಗ ನಗು ಬಂದು ಮೇಲ್ವಿಚಾರಕರು ಎರಡು ಸಲ ದುರುಗುಟ್ಟಿ ನೋಡಿದರು. ಸಂದರ್ಶನಕ್ಕೆ ನನ್ನನ್ನೂ ಇನ್ನಿಬ್ಬರನ್ನೂ ಕರೆದರು. ಮೂರು ವಾರ ಸಮಯವಿತ್ತು.

ಆ ಮೂರು ವಾರದ ಮೊದಲ ದಿನವೇ ಅನಾಹುತವಾಯಿತು.

ರೂಢಿಯ ಪ್ರಕಾರ ಹೆಸರು ಗಿರಾಕಿಯ ಕಿವಿಗೆ ಬೀಳಬಾರದು. ಕನ್ನಡದ ಹೆಸರಾಗಿದ್ದಾಗ ಆಯಿ ಜೀವಮಾನದಲ್ಲಿ ಒಮ್ಮೆಯೂ ಬಾಯಿ ಜಾರಿದವಳಲ್ಲ. ಆದರೆ ಇಂಗ್ಲಿಷ್ ಹೆಸರುಗಳನ್ನು ಹೇಳಿ ಹೇಳಿ, ಅದು ಬೈಗುಳವೋ ಹೊಗಳಿಕೆಯೋ ಎಂಬುದೇ ಅವಳಿಗೆ ಮರೆತುಹೋಗಿತ್ತು. ಅವು ಅವಳಿಗೆ ಬರೀ ಹೆಸರಾಗಿದ್ದವು, ಪ್ರೀತಿಯ ಹೆಸರು. ಆ ದಿನ ದಂಡೆಯಲ್ಲಿ ಹೊಳೆಯುವ ತಾರ್ಲೆ ರಾಶಿ ಬಿದ್ದಿತ್ತು. ಮಗಳು ಪರೀಕ್ಷೆ ಗೆದ್ದ ಖುಷಿ ಬೇರೆ. ಹಸಿರು ಗೇಟಿನ ಮುಂದೆ ನಿಂತು ಇಡೀ ಓಣಿಗೆ ಕೇಳುವಂತೆ ಕೂಗಿದಳು:

"ಪಾರ್ಸಿಮೋನಿಯಸ್ ಬಾಯೋರೇ! ತಾರ್ಲೆ ಬಂತು, ಬನ್ನಿ!"

ಬಾಯೋರು ಬಂದರು. "ಎಂತ ಕರ್ದೆ ನನ್ನ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯೋರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಆದರೆ ಅವರ ಮಗಳು ಒಳಗಿನಿಂದ ಅಷ್ಟು ದೊಡ್ಡ ನಿಘಂಟು ಹಿಡಿದುಕೊಂಡು ಬಂದು, ಬೆರಳಿಟ್ಟು ಹುಡುಕಿ, ಗಟ್ಟಿಯಾಗಿ ಓದಿದಳು. ಬಾಯೋರು ಒಳಗೆ ಹೋಗಿ ಗೇಟಿನ ಚಿಲಕ ಹಾಕಿಕೊಂಡರು. ಆ ಸಂಜೆ ನಮಗೆ ಇನ್ನೊಂದು ಸುದ್ದಿ ತಿಳಿಯಿತು. ಹಸಿರು ಗೇಟಿನ ಯಜಮಾನರೇ ಹೊಸ ಶಾಲೆಯ ಸಮಿತಿಯ ಅಧ್ಯಕ್ಷರು. ನನ್ನ ಸಂದರ್ಶನ ಮಾಡುವವರೂ ಅವರೇ.

ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಆಯಿ ತನ್ನ ಬಾಯಿಗೆ ತಾನೇ ನಾಲ್ಕು ಹೊಡೆದುಕೊಂಡಳು. "ನನ್ನ ನಾಲ್ಗೆಗೆ ಬೆಂಕಿ ಬೀಳ್ಲಿ. ನಿನ್ನ ಅನ್ನ ನಾನೇ ಚೆಲ್ದೆ ಮಗಾ," ಎಂದು ಅತ್ತಳು. ಆಯಿ ಅತ್ತಿದ್ದು ನೋಡಿ ನನಗೆ ಶೆಟ್ಲಿ ಶೆಡ್ಡಿಗಿಂತ ಹೆಚ್ಚು ಸಂಕಟವಾಯಿತು.

ಆದರೆ ಮರುದಿನ ನಡೆದದ್ದೇ ಬೇರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆಯಿ ತಲೆ ತಗ್ಗಿಸಿಕೊಂಡು ಓಣಿಗೆ ಕಾಲಿಟ್ಟಳೋ ಇಲ್ಲವೋ, ಕಂದು ಗೇಟಿನವರು ಅಡ್ಡ ಬಂದು, "ಹಸಿರು ಗೇಟಿಗೆ ಇಂಗ್ಲಿಷ್ ಹೆಸ್ರಂತೆ? ನಮ್ಗೆಂತ ಇಟ್ಟಿದ್ದಿ? ಹೇಳದಿದ್ರೆ ಬಿಡೂದಿಲ್ಲ," ಎಂದರು. ಟಪಾಲ್ ಕಚೇರಿಯ ಹಿಂದಿನವರು ಕಿಟಕಿಯಿಂದ ಕೇಳಿದರು. ಟೇಲರನ ಹೆಂಡತಿ ಅರ್ಧ ಹೊಲಿದ ರವಿಕೆ ಹಿಡಿದುಕೊಂಡೇ ಓಡಿ ಬಂದಳು. ಹೆಸರು ಕೆಟ್ಟದ್ದಿದ್ದರೂ ಸರಿ, ಇಲ್ಲ ಎನ್ನಿಸಿಕೊಳ್ಳಲು ಮಾತ್ರ ಯಾರೂ ತಯಾರಿರಲಿಲ್ಲ.

"ನಂಗೆ ಗೊತ್ತಿಲ್ಲ, ಮಗಳಿಗೆ ಗೊತ್ತು," ಎಂದು ಆಯಿ ಭಾರವನ್ನು ನನ್ನ ತಲೆಗೆ ಹೊರಿಸಿ ಬಂದಳು. ನಾನು ಲೈಬ್ರರಿಗೆ ಓಡಿದೆ. ಈ ಸಲ ಬರೀ ಒಳ್ಳೆಯ ಶಬ್ದಗಳನ್ನು ಹೆಕ್ಕಿ ತಂದೆ. ಭಾನುವಾರ ಆಯಿಯ ಹಿಂದೆ ಹೋಗಿ ಮನೆಮನೆಗೆ ಹಂಚಿದೆ. ಫಾಸ್ಟಿಡಿಯಸ್ಸಿಗೆ ಎಕ್ಸ್‌ಕ್ವಿಸಿಟ್, ಅಂದರೆ ಸೊಗಸಾದ ಅಭಿರುಚಿ. ಆಂಬಿಗ್ಯುಅಸ್ಸಿಗೆ ಕಂಟೆಂಪ್ಲೇಟಿವ್, ಅಂದರೆ ಚಿಂತನಶೀಲರು. ಆಕೆ ಬಾಗಿಲಲ್ಲಿ ನಿಂತು ಅದನ್ನೂ ಬಹಳ ಹೊತ್ತು ಯೋಚಿಸಿದರು. ಕಂದು ಗೇಟಿನವರಿಗೆ ಎಲೊಕ್ವೆಂಟ್, ವಾಗ್ಮಿ ಎಂದೆ. ಆದರೆ ಅವರು ಬಹಳ ಚಾಲಾಕು. "ಇದು ನಿನ್ನೆ ಹುಡ್ಕಿದ್ದು. ಮೊದ್ಲು ಇಟ್ಟಿದ್ದು ಯಾವ್ದು?" ಎಂದು ಹಿಡಿದರು. ಗ್ಯಾರುಲಸ್, ವಾಚಾಳಿ ಎಂದು ಒಪ್ಪಿಕೊಂಡೆ. "ಅದೇ ಇರ್ಲಿ," ಎಂದರು. "ನಂದು ಅದೇ." ಆ ಮೇಲೆ ಮುಕ್ಕಾಲು ಗಂಟೆ ಆ ಹೆಸರು ತಮಗೆ ಯಾಕೆ ಒಪ್ಪುತ್ತದೆ ಎಂದು ವಿವರಿಸಿದರು.

ಗುರುವಾರದ ಅತ್ತೆಯೂ ಕೋಲೂರಿಕೊಂಡು ಬಂದರು. "ನಮ್ಮ ಸೊಸೆಗೆ ಎಂತ ಹೆಸ್ರು ಇಟ್ಟೀರಿ?" ಹಿಂದೆ ಬಾಗಿಲಲ್ಲಿ ಸೊಸೆಯ ಮುಖ ಬೂದಿಯಾಗಿತ್ತು. ನಾನು ಕೈಯಲ್ಲಿದ್ದ ಚೀಟಿ ತಿರುವಿದೆ. ಆಯಿಯೇ ಮುಂದೆ ಬಂದು, "ಪಾಯಸ್ ಅಂತ ಅಮ್ಮಾ. ದೇವರ ಮೇಲೆ ಭಕ್ತಿ ಇದ್ದವಳು. ಅಗರಬತ್ತಿ ಪರಿಮಳ ಓಣಿಗೆಲ್ಲ ಬರ್ತದಲ್ಲ," ಎಂದಳು. ಆ ಶಬ್ದವನ್ನು ಅವಳಿಗೆ ನಾನು ಯಾವಾಗ ಕೊಸರು ಹಾಕಿದ್ದೆನೋ ನೆನಪಿಲ್ಲ. ಸೊಸೆ ಮುಂದಿನ ಗುರುವಾರ ನಾಲ್ಕರ ಬದಲು ಆರು ನೊಗ್ಲಿ ತೆಗೆದುಕೊಂಡಳು.

ಹಸಿರು ಗೇಟು ಮಾತ್ರ ತೆರೆಯಲಿಲ್ಲ. ಆಯಿ ದಿನವೂ ಅದರ ಮುಂದೆ ಒಂದು ನಿಮಿಷ ನಿಂತು, ಕೂಗದೆ, ಮುಂದೆ ಹೋಗುತ್ತಿದ್ದಳು. ಆ ಮನೆಗೆ ಎಂದು ನಾನು ಮ್ಯಾಗ್ನಾನಿಮಸ್, ಅಂದರೆ ಉದಾರ ಮನಸ್ಸಿನವರು, ಎಂಬ ಶಬ್ದವನ್ನೇ ಆರಿಸಿ ಇಟ್ಟಿದ್ದೆ. ಕೊಡುವುದು ಯಾರಿಗೆ?

ಸಂದರ್ಶನದ ದಿನ ಬಂತು. ಅರ್ಧ ಕಟ್ಟಿದ ಶಾಲೆಯ ಕೋಣೆ, ಸುಣ್ಣದ ವಾಸನೆ, ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷರು. ಅಕ್ಕಪಕ್ಕದವರು ಅದು ಇದು ಕೇಳಿದರು, ನಾನು ಹೇಳಿದೆ. ಅಧ್ಯಕ್ಷರು ನನ್ನ ಅರ್ಜಿಯನ್ನೇ ನೋಡುತ್ತಿದ್ದರು. ಕೊನೆಗೆ ಕನ್ನಡಕ ಸರಿ ಮಾಡಿಕೊಂಡು, ಇಂಗ್ಲಿಷಿನಲ್ಲಿ ಬಹಳ ಮೆಲ್ಲಗೆ ಕೇಳಿದರು: ಪಾರ್ಸಿಮೋನಿಯಸ್ ಎಂಬ ಶಬ್ದ ಬಳಸಿ ಒಂದು ವಾಕ್ಯ ಹೇಳಿ.

ಪುಸ್ತಕದ ವಾಕ್ಯವೊಂದು ಬಾಯಿಗೆ ಬಂದಿತ್ತು, ಯಾವುದೋ ವ್ಯಾಪಾರಿಯದು, ಅದನ್ನು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಶಬ್ದದ ಕದ ತಟ್ಟಿದಾಗ ನನಗೆ ಕಂಡದ್ದು ಆ ಸೋಮವಾರ, ದಾರ ಸುತ್ತುವುದನ್ನು ಬಿಟ್ಟು ನಗುತ್ತಿದ್ದ ಆಯಿಯ ಮುಖ. ಇಂಗ್ಲಿಷಿನಲ್ಲಿ ನಾನು ಹೇಳಿದ್ದು ಇಷ್ಟು: ನಮ್ಮ ಹಳೆಯ ಊರು ಬಿಟ್ಟು ಬಂದ ಮೇಲೆ ನನ್ನ ತಾಯಿ ಹೆಸರುಗಳ ವಿಷಯದಲ್ಲಿ ಪಾರ್ಸಿಮೋನಿಯಸ್ ಆದಳು. ಆರು ವರ್ಷ ಈ ಊರಿನಲ್ಲಿ ಯಾವ ಮನೆಗೂ ಒಂದು ಹೆಸರು ಕೊಡಲಿಲ್ಲ. ಮೊದಲ ಹೆಸರು ಕೊಟ್ಟಿದ್ದು ನಿಮ್ಮ ಮನೆಗೆ.

ಅಕ್ಕಪಕ್ಕದವರು ಮುಖ ಮುಖ ನೋಡಿಕೊಂಡರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಕನ್ನಡದಲ್ಲಿ ಕೇಳಿದರು:

"ಮೊದಲ್ನೇದು ನಮ್ಮ ಮನೆಗಾ?"

"ಹೌದು ಸರ್."

"ಟಪಾಲ್ ಕಚೇರಿ ಹಿಂದಿನವ್ರಿಗಿಂತ ಮೊದ್ಲು?"

"ಎಲ್ಲರಿಗಿಂತ ಮೊದ್ಲು ಸರ್."

"ಹೂಂ," ಎಂದರು. "ಮನೇಲಿ ಹೇಳ್ತೆ." ಅಷ್ಟೇ.

ಮೂರನೆಯ ದಿನ ಆಯಿ ಎಂದಿನಂತೆ ಹಸಿರು ಗೇಟಿನ ಮುಂದೆ ಒಂದು ನಿಮಿಷ ನಿಂತಳು. ಚಿಲಕ ಸರಿದ ಸದ್ದಾಯಿತು. ಬಾಯೋರು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಮೊದಲ್ನೇ ಹೆಸ್ರು ನಮ್ದಂತೆ?"

"ಹೌದು ಬಾಯೋರೇ."

"ಹಂಗಾದ್ರೆ ಕೊಸರು ಎರಡು ಹಾಕು."

ಆಯಿ ಮೂರು ಹಾಕಿದಳು. ಮೂರನೆಯದು ಬೆಕ್ಕಿಗೆ ಎಂದಳಂತೆ. ಬಾಯೋರು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡರಂತೆ. ಉದಾರ ಶಬ್ದವನ್ನು ಅವರಿಗೆ ಕೊಡಬೇಕೆಂದರೆ ಆಯಿ ಒಪ್ಪಲಿಲ್ಲ, ಇಟ್ಟ ಹೆಸರು ಇಟ್ಟಿದ್ದೇ ಎಂದಳು. ಮತ್ತೆ ನಾಲ್ಕು ದಿನಕ್ಕೆ ಟಪಾಲಿನಲ್ಲಿ ನನಗೆ ಕೆಲಸದ ಪತ್ರ ಬಂತು. ಆಯಿ ಅದನ್ನು ತಿರುಗಾಮುರುಗಾ ಹಿಡಿದುಕೊಂಡು ಕಾಲೊನಿಯ ಎಲ್ಲ ಮನೆಗೂ ಓದಿ ಹೇಳಿದಳು. ಅಪ್ಪ ಆಗಲೂ ಏನೂ ಹೇಳಲಿಲ್ಲ, ಆದರೆ ಪತ್ರವನ್ನು ತನ್ನ ಅಂಗಿಯ ಕಿಸೆಯಲ್ಲಿಟ್ಟುಕೊಂಡು ದೋಣಿಗೆ ಹೋದ. ಅದನ್ನು ವಾಪಸ್ಸು ಪಡೆಯಲು ನಾನು ಬಹಳ ಕಷ್ಟಪಡಬೇಕಾಯಿತು.

ಶಾಲೆ ಶುರುವಾಗುವ ಹಿಂದಿನ ದಿನ ಸೋಮವಾರವಲ್ಲದಿದ್ದರೂ ಆಯಿ ರಜೆ ಮಾಡಿದಳು. ಜಗುಲಿಯಲ್ಲಿ ಕೂತು, "ಪುಸ್ತಕ ತಾ, ಬರ್ಕೋ," ಎಂದಳು.

"ಎಂತ ಬರ್ಕೊಳ್ಳೂದು?"

"ಈ ಊರವ್ರಿಗೆಲ್ಲ ಕೊಟ್ಟಾಯ್ತು. ಅವ್ರಿಗೆ ಯಾರೂ ಕೊಡ್ಲಿಲ್ಲ."

ಮೊದಲು ನನಗೆ ತಿಳಿಯಲಿಲ್ಲ. ಆಯಿ ಕಣ್ಣು ಮುಚ್ಚಿ ನಡೆಯಲು ಶುರು ಮಾಡಿದಳು. ಕೂತಲ್ಲೇ. ಹೆದ್ದಾರಿಯಿಂದ ಇಳಿಯುವ ದಾರಿ, ಎಡಕ್ಕೆ ಕಿವಿರು ಬಾಯೋರು, ಅವರ ಗೇರುಮರ, ಬಲಕ್ಕೆ ನಾಳೆ-ಬಾ ಮನೆ, ತಲೆ-ಬೇಡ ಮನೆ, ತಲೆ-ಮಾತ್ರ ಮನೆ. ಆರು ವರ್ಷದಿಂದ ಒಮ್ಮೆಯೂ ಬಾಯಿಗೆ ತಾರದ ಹೆಸರುಗಳು ಒಂದೂ ತಪ್ಪದೆ ಸಾಲಾಗಿ ಬಂದವು. ಪ್ರತಿ ಮನೆಗೂ ನಿಂತು ನನ್ನ ಕಡೆ ತಿರುಗಿ ಒಂದು ಶಬ್ದ ಕೇಳುತ್ತಿದ್ದಳು. ಸುಮ್ಮನೆ ಹೊಗಳಿದರೆ ಒಪ್ಪುತ್ತಿರಲಿಲ್ಲ. "ಅಲ್ಲ, ಅವ್ರು ಅಷ್ಟು ಒಳ್ಳೇವ್ರಲ್ಲ. ಸರಿಯಾದ್ದು ಕೊಡು," ಎನ್ನುತ್ತಿದ್ದಳು. ನಾನು ಬಸ್ಸಿನಲ್ಲಿ ಶಬ್ದ ಎಣಿಸುತ್ತ ಬರುತ್ತಿದ್ದ ಆ ಗೋಡೆಯ ಆಚೆ ಆ ಎಲ್ಲ ಮನೆಗಳೂ ಇದ್ದವು ಎಂಬುದು ನನಗೆ ಗೊತ್ತಿದ್ದ ಸಂಗತಿಯೇ. ಆ ದಿನ ಅದು ಹೊಟ್ಟೆಗೆ ಇಳಿಯಿತು.

ಮೂವತ್ತು ಮನೆ ಮುಗಿಯಿತು. ನಡುವೆ ನಾವು ಎಷ್ಟು ಸಲ ನಕ್ಕೆವೋ ಲೆಕ್ಕವಿಲ್ಲ. ದಾರಿ ಮರಳಿಗೆ ಬಂತು. ಅಲ್ಲಿ ಒಂದೇ ಮನೆ ಉಳಿದಿತ್ತು, ನಮ್ಮದು. ನಾನು ಶಬ್ದಗಳ ಹಳೆಯ ಚೀಟಿಗಳನ್ನು ತಿರುವಿ ಹುಡುಕತೊಡಗಿದೆ.

"ಹುಡ್ಕೂದು ಬೇಡ," ಎಂದಳು ಆಯಿ. "ಒಂದು ತೆಗ್ದಿಡು ಅಂದಿದ್ದೆ. ಇಫರ್ವೆಸೆಂಟ್. ಮಳೆಗಾಲ್ದಲ್ಲಿ ನೊರೆ ಮೆಟ್ಲಿಗೆ ಬಂದು ಮುಟ್ತಿತ್ತಲ್ಲ, ನೀನು ಸಣ್ಣೋಳು, ಮೆಟ್ಲ ಮೇಲೆ ಕೂತು ಎರಡೂ ಕೈಲಿ ಬಾಚ್ತಿದ್ದೆ."

ಎಷ್ಟು ಸರಿಯಾಗಿ ಹೇಳಿದಳೆಂದರೆ ನಮ್ಮ ಕಾಲೇಜಿನಲ್ಲಿ ಯಾರಿಗೂ ಹಾಗೆ ಬರುತ್ತಿರಲಿಲ್ಲ. ನಾನು ಬರೆಯಲು ಹೋದೆ. ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ.

"ಅಳೂದೆಂತಕ್ಕೆ? ಸಮ ಬರಿ," ಎಂದಳು ಆಯಿ. "ನಾಳೆ ಮಕ್ಕಳು ಆ ಶಬ್ದದ ಅರ್ಥ ಕೇಳಿದ್ರೆ ನಮ್ಮ ಮನೆ ಅಂತ ಹೇಳು."